ನಕ್ಷತ್ರ ಎಣಿಸುವ ಮುನ್ನ

ಕಳೆದ ಭಾನುವಾರ ಸಂಜೆ ನಮ್ಮ ಮನೆಗೆ ತಂದೆ ಮಗ ಇಬ್ಬರು ಬಂದರು. ಮಗ ಮೂರು ವರ್ಷದ ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದವನು. ಪಿ.ಯು. ಮುಗಿಸಿ ಈಗ ಮಂಡ್ಯದಲ್ಲಿ ಪದವಿಗೆ ಸೇರಿದ್ದಾನೆ. ತಂದೆ ಭಾರತೀನಗರದ ಪಕ್ಕದ ಹಳ್ಳಿಯ ಕಬ್ಬು ಬೆಳೆಗಾರರು, ವರ್ಷದಲ್ಲಿ ಕೆಲವು ತಿಂಗಳು ಆಲೆಮನೆಯನ್ನೂ ನಡೆಸುತ್ತಾರೆ. ಹುಡುಗನಿಗೆ ಕಾಲೇಜಿಗೆ ಹೋಗಿಬರಲು ಸ್ಕೂಟರ್ ಕೊಡಿಸಿಯಾಗಿತ್ತು. ಹೆಲ್ಮೆಟ್ ಕೊಳ್ಳುವುದು ಬಾಕಿ ಇತ್ತು. ಆ ವಿಷಯದಲ್ಲಿ ಮನೆಯಲ್ಲಿ ತೀರ್ಮಾನವಾಗದೆ ನನ್ನಲ್ಲಿಗೆ ಬಂದಿದ್ದರು.

ಹುಡುಗ ಮೊಬೈಲ್ ತೆಗೆದು ಎರಡು ಹೆಲ್ಮೆಟ್ ತೋರಿಸಿದ. ಒಂದರ ಬೆಲೆ 499 ರೂ. ಅದಕ್ಕೆ ಐದಕ್ಕೆ 4.6 ನಕ್ಷತ್ರ, ಅಭಿಪ್ರಾಯ ಕೊಟ್ಟವರು ಹನ್ನೊಂದು ಸಾವಿರಕ್ಕೂ ಹೆಚ್ಚು. ಇನ್ನೊಂದರ ಬೆಲೆ 1,350 ರೂ. ಅದಕ್ಕೆ 4.1 ನಕ್ಷತ್ರ, ಅಭಿಪ್ರಾಯ ಕೊಟ್ಟವರು ಎಂಟುನೂರು ಚಿಲ್ಲರೆ ಮಂದಿ.

‘ದುಬಾರಿಯದ್ದು ಯಾಕೆ ಸರ್? ಕಡಿಮೆ ಬೆಲೆಯದ್ದಕ್ಕೇ ರಿವ್ಯೂ ಚೆನ್ನಾಗಿದೆ’ ಎಂದ ಹುಡುಗ.

ತಂದೆಯೂ ಅವನ ಪರವಾಗಿಯೇ ಇದ್ದರು. ‘ಮೇಷ್ಟ್ರೇ, ಹನ್ನೊಂದು ಸಾವ್ರ ಜನ ಚೆನ್ನಾಗದೆ ಅಂತವ್ರೆ. ಅಷ್ಟೂ ಜನ ಸುಳ್ಳು ಯೋಳಾರ?’

ಪ್ರಶ್ನೆ ನ್ಯಾಯವಾದದ್ದೇ. ಇಂದು ಪೆನ್ನಿನಿಂದ ಹಿಡಿದು ಪಂಪ್‌ಸೆಟ್‌ವರೆಗೆ ಎಲ್ಲವೂ ಮೊಬೈಲ್‌ನಲ್ಲಿ ಸಿಗುತ್ತದೆ. ವಸ್ತುವನ್ನು ಮುಟ್ಟಿ ನೋಡುವಂತಿಲ್ಲ. ಅದರ ಬದಲಿಗೆ ನಮಗಿರುವುದು ಆ ನಕ್ಷತ್ರಗಳು, ಅವುಗಳ ಕೆಳಗೆ ಯಾರೋ ಬರೆದ ನಾಲ್ಕು ಸಾಲುಗಳು. ಅವನ್ನು ನಂಬಬಹುದೇ? ಬಹಳ ಮಂದಿ ಇದನ್ನು ‘ಅವು ನಿಜವೋ ಸುಳ್ಳೋ’ ಎಂಬ ಒಂದೇ ಪ್ರಶ್ನೆ ಎಂದು ತಿಳಿದಿದ್ದಾರೆ. ವಾಸ್ತವದಲ್ಲಿ ಇಲ್ಲಿ ಮೂರು ಪ್ರಶ್ನೆಗಳಿವೆ. ಸಾಕ್ಷಿ ಹೇಳುತ್ತಿರುವವನು ಪ್ರಾಮಾಣಿಕನೇ? ಯಾರು ಮಾತನಾಡಿದ್ದಾರೆ, ಯಾರು ಸುಮ್ಮನಿದ್ದಾರೆ? ಮೂರನೆಯದೇ ಮುಖ್ಯ: ನಮಗೆ ಬೇಕಾದ ಸಂಗತಿ ಆ ಸಾಕ್ಷಿಯ ಕಣ್ಣಿಗೆ ಕಾಣುವಂಥದ್ದೇ?

ಒಂದೊಂದಾಗಿ ನೋಡೋಣ.

ಮಾರಿಕೊಂಡ ಸಾಕ್ಷಿ

ನಮ್ಮ ಹಿರಿಯರು ದನದ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದ ರೀತಿಯನ್ನು ನೆನಪಿಸಿಕೊಳ್ಳಿ. ದಲ್ಲಾಳಿ ಎಷ್ಟೇ ಹೊಗಳಲಿ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ದಲ್ಲಾಳಿಗೆ ಎರಡೂ ಕಡೆಯಿಂದ ದುಡ್ಡು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೊಬೈಲ್‌ನಲ್ಲಿ ಮಾತ್ರ ದಲ್ಲಾಳಿ ಯಾರು, ಗಿರಾಕಿ ಯಾರು ಎಂಬುದೇ ತಿಳಿಯುವುದಿಲ್ಲ. ಇಬ್ಬರೂ ಒಂದೇ ವೇಷದಲ್ಲಿರುತ್ತಾರೆ.

ಇದಕ್ಕೆ ನಮ್ಮ ಮಲೆನಾಡಿಗೆ ನಂಟಿರುವ ಒಂದು ಉದಾಹರಣೆ ಉಂಟು. ಉಪ್ಪಾಗೆ ಮರ ಕೇಳಿರಬಹುದು. ಉತ್ತರ ಕನ್ನಡದ ಸಿರಸಿ, ಸಿದ್ದಾಪುರದ ಕಡೆ ಕಾಡಿನಲ್ಲಿ ಬೆಳೆಯುತ್ತದೆ. ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಹುಳಿಗೆ ಬಳಸುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಅದರ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬ ವಸ್ತುವಿದೆ. ಅದು ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರ ಹಬ್ಬಿ, ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಅದರ ಗುಳಿಗೆಗಳು ಮಾರಾಟವಾದವು.

ಇಂಥ ಗುಳಿಗೆ ಮಾರುತ್ತಿದ್ದ ಕ್ಯೂರ್ ಎನ್‌ಕ್ಯಾಪ್ಸುಲೇಷನ್ಸ್ ಎಂಬ ಕಂಪೆನಿಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರ ಫೆಬ್ರುವರಿಯಲ್ಲಿ ಪ್ರಕರಣ ಹೂಡಿತು. ಆರೋಪ ಇಷ್ಟೇ: ಕಂಪೆನಿಯು ಒಂದು ಜಾಲತಾಣಕ್ಕೆ ಹಣ ಕೊಟ್ಟು ಅಮೆಜಾನ್‌ನಲ್ಲಿ ತನ್ನ ಗುಳಿಗೆಗೆ ಸುಳ್ಳು ಅಭಿಪ್ರಾಯಗಳನ್ನು ಬರೆಸಿತ್ತು. ಮಾರಾಟವಾಗಬೇಕಾದರೆ ಸರಾಸರಿ 4.3 ನಕ್ಷತ್ರವಾದರೂ ಇರಬೇಕು ಎಂದು ಮಾಲೀಕರು ಆ ಜಾಲತಾಣದವರಿಗೆ ಹೇಳಿದ್ದರಂತೆ. ಹಣ ಕೊಟ್ಟು ಬೇರೊಬ್ಬರ ಮಳಿಗೆಯಲ್ಲಿ ಸುಳ್ಳು ರಿವ್ಯೂ ಬರೆಸಿದ್ದರ ವಿರುದ್ಧ ಆ ಆಯೋಗ ಹೂಡಿದ ಮೊದಲ ಪ್ರಕರಣವದು. 1 ಕೋಟಿ 28 ಲಕ್ಷ ಡಾಲರ್ ಮೊತ್ತದ ತೀರ್ಪಿಗೆ ಒಪ್ಪಂದವಾಯಿತು. ಕಂಪೆನಿಯ ಆರ್ಥಿಕ ಸ್ಥಿತಿಯಿಂದಾಗಿ 50 ಸಾವಿರ ಡಾಲರ್ ಹಾಗೂ ಕೆಲವು ತೆರಿಗೆ ಬಾಕಿ ಕಟ್ಟಿದರೆ ಉಳಿದದ್ದನ್ನು ತಡೆಹಿಡಿಯುವುದೆಂದಾಯಿತು.

ಮಾರಾಟವೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿದ್ದರೆ ಅಂಕಿಯನ್ನೇ ಕೊಳ್ಳುವವರು ಹುಟ್ಟಿಕೊಳ್ಳುವುದು ಆಶ್ಚರ್ಯವಲ್ಲ.

ನಮ್ಮ ದೇಶದಲ್ಲಿ ಕಾನೂನು ಇಲ್ಲವೇ? ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2020ರ ಜುಲೈನಲ್ಲಿ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನು ತಾನೇ ಗ್ರಾಹಕನಂತೆ ನಟಿಸಿ ರಿವ್ಯೂ ಬರೆಯುವಂತಿಲ್ಲ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ಅಭಿಪ್ರಾಯಗಳಿಗಾಗಿಯೇ ಐಎಸ್ 19000 ಎಂಬ ಮಾನಕವನ್ನು ಹೊರತಂದಿತು. ಬರೆದವರು ನಿಜವಾದ ವ್ಯಕ್ತಿಗಳೇ ಎಂದು ಪರಿಶೀಲಿಸಬೇಕು, ಹಣ ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂಬುದು ಅದರ ಸಾರ. ಆದರೆ ಕಡ್ಡಾಯವಾಗಿ ಅಲ್ಲ, ಸ್ವಯಂಪ್ರೇರಣೆಯಿಂದ ಪಾಲಿಸತಕ್ಕದ್ದು ಎಂದೇ ಅದನ್ನು ಹೊರತಂದರು.

ಇದನ್ನೆಲ್ಲ ಹೇಳುತ್ತಿದ್ದಂತೆ ಹುಡುಗ ಯಾಕೋ ತಲೆ ತಗ್ಗಿಸಿದ. ಕೇಳಿದ ಮೇಲೆ ಮೆಲ್ಲಗೆ ಹೇಳಿದ: ‘ನಾನೂ ಒಂದು ಬರೆದಿದ್ದೀನಿ ಸರ್.’

ಐದಾರು ತಿಂಗಳ ಹಿಂದೆ ಅವನು ಮೊಬೈಲ್ ಚಾರ್ಜರ್ ತರಿಸಿದ್ದನಂತೆ. ಡಬ್ಬಿಯೊಳಗೆ ಒಂದು ಚೀಟಿ ಇತ್ತು. ಐದು ನಕ್ಷತ್ರ ಕೊಟ್ಟು, ಅದರ ಚಿತ್ರ ತೆಗೆದು ಇಂಥ ನಂಬರಿಗೆ ಕಳಿಸಿದರೆ ನೂರು ರೂಪಾಯಿ ವಾಪಸ್ ಎಂದು. ಇವನು ಡಬ್ಬಿ ಬಿಚ್ಚಿದ ಹತ್ತು ನಿಮಿಷಕ್ಕೇ ‘ಬಹಳ ಚೆನ್ನಾಗಿದೆ, ಬೇಗ ಚಾರ್ಜ್ ಆಗುತ್ತದೆ’ ಎಂದು ಬರೆದ. ನೂರು ರೂಪಾಯಿ ಬಂತು. ತಿಂಗಳೊಪ್ಪತ್ತಿನಲ್ಲಿ ಚಾರ್ಜರ್ ಕಾದು ವಾಸನೆ ಬಂದು ಕೆಟ್ಟುಹೋಯಿತು. ಅವನು ಬರೆದ ಐದು ನಕ್ಷತ್ರ ಮಾತ್ರ ಇಂದಿಗೂ ಅಲ್ಲೇ ಇದೆ.

ತಂದೆಗೆ ಇದು ಗೊತ್ತಿರಲಿಲ್ಲ. ಮಗನ ಮುಖವನ್ನೊಮ್ಮೆ ನೋಡಿದರು, ಏನೂ ಅನ್ನಲಿಲ್ಲ. ನಾನೂ ಬೈಯಲಿಲ್ಲ. ‘ಆ ಚಾರ್ಜರ್‌ನ ಅಭಿಪ್ರಾಯ ಓದುತ್ತ ಯಾರೋ ಒಬ್ಬರು ಈಗ ಇದೇ ಮಾತು ಅನ್ನುತ್ತಿರಬಹುದಲ್ಲವಾ, ಇಷ್ಟು ಜನ ಸುಳ್ಳು ಹೇಳುತ್ತಾರಾ ಅಂತ?’ ಎಂದು ಮಾತ್ರ ಕೇಳಿದೆ.

ಪೋಷಕರು ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ‘ಮನೆಯಲ್ಲೇ ಕುಳಿತು ಹೋಟೆಲ್‌ಗಳಿಗೆ, ವಸ್ತುಗಳಿಗೆ ನಕ್ಷತ್ರ ಕೊಡಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ’ ಎಂಬ ಸಂದೇಶಗಳು ಮಕ್ಕಳ ಮೊಬೈಲ್‌ಗೆ ಬರುತ್ತಿರುತ್ತವೆ. ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ನಂಬಿಕೆ ಬಂದ ಮೇಲೆ ‘ಹೆಚ್ಚಿನ ಕೆಲಸ ಬೇಕಾದರೆ ಮುಂಗಡ ಕಟ್ಟಿ’ ಎನ್ನುತ್ತಾರೆ. ಕಟ್ಟಿದ ಹಣ ಹಿಂದೆ ಬರುವುದಿಲ್ಲ. ಹೀಗೆ ಹಣ ಕಳೆದುಕೊಂಡವರು ನಮ್ಮ ರಾಜ್ಯದಲ್ಲಿ ಬಹಳ ಮಂದಿ ಇದ್ದಾರೆ, ಓದಿದವರೂ ಇದ್ದಾರೆ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಬೈಯುತ್ತಾರೆಂದು ಮಕ್ಕಳು ಮುಚ್ಚಿಟ್ಟಷ್ಟೂ ಹಣ ಕೈತಪ್ಪುವುದು ಖಚಿತ.

ಮಾತನಾಡದವರ ಲೆಕ್ಕ

ಈಗ ಎರಡನೆಯ ಪ್ರಶ್ನೆ. ಎಲ್ಲರೂ ನಿಜವನ್ನೇ ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಆಗಲೂ ಸರಾಸರಿಯನ್ನು ನಂಬಬಹುದೇ?

ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಕಳೆದ ವರ್ಷ ತರಿಸಿದ ವಸ್ತುಗಳಲ್ಲಿ ಎಷ್ಟಕ್ಕೆ ಅಭಿಪ್ರಾಯ ಬರೆದಿರಿ? ಬಹುಪಾಲು ಮನೆಗಳಲ್ಲಿ ಉತ್ತರ ‘ಒಂದಕ್ಕೂ ಇಲ್ಲ’. ಬರೆಯುವವರು ಯಾರು? ತುಂಬ ಖುಷಿಯಾದವರು, ಇಲ್ಲವೇ ತುಂಬ ಸಿಟ್ಟಾದವರು. ‘ಪರವಾಗಿಲ್ಲ’ ಎನಿಸಿದವರು ಸುಮ್ಮನಿರುತ್ತಾರೆ. ಆದ್ದರಿಂದಲೇ ಈ ಅಭಿಪ್ರಾಯಗಳನ್ನು ಸ್ತಂಭಾಲೇಖದಲ್ಲಿ ಬರೆದರೆ ಐದು ನಕ್ಷತ್ರದ ಕಂಬ ಎತ್ತರಕ್ಕೆ ನಿಲ್ಲುತ್ತದೆ, ಒಂದು ನಕ್ಷತ್ರದ್ದು ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ, ನಡುವಿನವು ಕುಳ್ಳಾಗಿರುತ್ತವೆ. ಇಂಗ್ಲಿಷಿನ ‘ಜೆ’ ಅಕ್ಷರದ ಆಕಾರ. ಊರಿನ ಎಲ್ಲ ಮಕ್ಕಳ ಎತ್ತರವನ್ನು ಅಳೆದು ಸರಾಸರಿ ತೆಗೆಯುವುದಕ್ಕೂ, ‘ಬನ್ನಿ’ ಎಂದಾಗ ಬಂದವರ ಎತ್ತರವನ್ನಷ್ಟೇ ಅಳೆಯುವುದಕ್ಕೂ ಇರುವ ವ್ಯತ್ಯಾಸ ಇದು.

ಇನ್ನು ಸಂಖ್ಯೆಯ ವಿಚಾರ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ಒಂದು ವಸ್ತುವಿಗೆ 12 ಮಂದಿ ನಿಜವಾದ ಗಿರಾಕಿಗಳು ಸರಾಸರಿ 3 ನಕ್ಷತ್ರ ಕೊಟ್ಟಿದ್ದಾರೆ. ಒಟ್ಟು 36. ಮಾರುವವನ ಕಡೆಯ 8 ಮಂದಿ ತಲಾ 5 ಕೊಟ್ಟರು ಎನ್ನಿ, 40. ಈಗ ಮೊತ್ತ 76, ಮಂದಿ 20, ಸರಾಸರಿ 3.8. ಸಾಧಾರಣ ವಸ್ತು ಎಂಟು ಮಂದಿಯಿಂದ ಒಳ್ಳೆಯ ವಸ್ತುವಾಯಿತು. ಅದೇ 1,000 ಮಂದಿ ಗಿರಾಕಿಗಳು ಸರಾಸರಿ 3 ಕೊಟ್ಟಿದ್ದರೆ ಆ ಎಂಟು ಮಂದಿ ಸೇರಿದ ಮೇಲೂ ಸರಾಸರಿ 3.02 ದಾಟುವುದಿಲ್ಲ. ಆದ್ದರಿಂದ ಹತ್ತಿಪ್ಪತ್ತು ಮಂದಿಯ 4.8ಕ್ಕಿಂತ ಎರಡು ಸಾವಿರ ಮಂದಿಯ 4.2 ಹೆಚ್ಚು ತೂಕದ್ದು.

ಹಾಗಾದರೆ ಸಾವಿರಗಟ್ಟಲೆ ಇದ್ದರೆ ನಿಶ್ಚಿಂತೆಯೇ? ಅದೂ ಇಲ್ಲ. 2023ರ ಫೆಬ್ರುವರಿಯಲ್ಲಿ ಅದೇ ಅಮೆರಿಕದ ಆಯೋಗವು ಬೌಂಟಿಫುಲ್ ಎಂಬ ವಿಟಮಿನ್ ಕಂಪೆನಿಯ ಮೇಲೆ ಕ್ರಮ ಕೈಗೊಂಡಿತು. ಈ ಕಂಪೆನಿ ಸುಳ್ಳು ಬರೆಸಿದ್ದಲ್ಲ. ಚೆನ್ನಾಗಿ ಮಾರಾಟವಾಗುತ್ತಿದ್ದ ಹಳೆಯ ವಸ್ತುವಿನ ಪುಟಕ್ಕೇ ಬೇರೆಯದಾದ ಹೊಸ ವಸ್ತುವನ್ನು ಸೇರಿಸಿ, ಹಳೆಯದಕ್ಕೆ ಬಂದ ಹೊಗಳಿಕೆಯನ್ನು ಹೊಸದಕ್ಕೂ ದಕ್ಕಿಸಿಕೊಂಡಿತ್ತು. ಆರು ಲಕ್ಷ ಡಾಲರ್ ಕಟ್ಟಬೇಕಾಯಿತು. ಹೀಗಾಗಿ ಅಭಿಪ್ರಾಯ ಓದುವಾಗ ಅದು ಈ ವಸ್ತುವಿನ ಬಗ್ಗೆಯೇ ಇದೆಯೇ ಎಂದು ನೋಡಬೇಕು. ಹೆಲ್ಮೆಟ್ ಪುಟದಲ್ಲಿ ‘ಬಟ್ಟೆ ಮೃದುವಾಗಿದೆ, ಒಗೆದರೂ ಬಣ್ಣ ಹೋಗಿಲ್ಲ’ ಎಂದಿದ್ದರೆ ಅದು ಯಾವುದೋ ಕೈಗವಸಿನದ್ದು!

ದಿನಾಂಕವನ್ನೂ ನೋಡಿ. ಒಂದೇ ವಾರದಲ್ಲಿ ನೂರಾರು ಐದು ನಕ್ಷತ್ರ ಬಂದು ಆಮೇಲೆ ನಿಂತುಹೋಗಿದ್ದರೆ ಅನುಮಾನಿಸಿ. ಬಹುತೇಕ ಅಭಿಪ್ರಾಯಗಳು ವಸ್ತು ತಲುಪಿದ ಒಂದೆರಡು ದಿನದಲ್ಲಿ ಬರೆದವು. ಮಿಕ್ಸಿ ಒಂದು ವರ್ಷ ಬಾಳುವುದೋ ಇಲ್ಲವೋ ಎಂದು ಎರಡನೆಯ ದಿನ ಹೇಳಬಲ್ಲವರು ಯಾರು? ‘ಆರು ತಿಂಗಳ ನಂತರ ಬರೆಯುತ್ತಿದ್ದೇನೆ’ ಎಂದು ಶುರುವಾಗುವ ಒಂದು ಸಾಲು ‘ಸೂಪರ್’ ಎಂಬ ನೂರು ಸಾಲಿಗಿಂತ ಮೇಲು.

ಕಣ್ಣಿಗೆ ಕಾಣದ ಗುಣ

ಇಷ್ಟಾದರೂ ಗೌಡರ ಪ್ರಶ್ನೆ ಹಾಗೆಯೇ ಉಳಿಯಿತು. ಹನ್ನೊಂದು ಸಾವಿರದಲ್ಲಿ ಒಂದು ಸಾವಿರ ಸುಳ್ಳೇ ಇರಲಿ, ಹತ್ತು ಸಾವಿರ ನಿಜವಲ್ಲವೇ?

ನಾನು ಅವರನ್ನೇ ಒಂದು ಪ್ರಶ್ನೆ ಕೇಳಿದೆ. ‘ಗೌಡ್ರೇ, ನಿಮ್ಮ ಆಲೆಮನೆಯ ಅಚ್ಚು ಬೆಲ್ಲದಲ್ಲಿ ಬೆಂಗಳೂರಿನ ಗಿರಾಕಿ ಯಾವುದನ್ನು ಮೆಚ್ಚುತ್ತಾನೆ?’

‘ಬಣ್ಣ ಇರಬೇಕು ಮೇಷ್ಟ್ರೇ, ಚಿನ್ನದಂಗೆ. ಕಪ್ಪಗಿದ್ರೆ ಮುಟ್ಟಾಕಿಲ್ಲ.’

‘ಮನೆಗೆ ಯಾವುದು ಇಟ್ಟುಕೊಳ್ಳುತ್ತೀರಿ?’

ಅವರು ನಕ್ಕುಬಿಟ್ಟರು. ‘ಮನ್ಗೆ ಬ್ಯಾರೆ ಮಾಡ್ಕತೀವಿ. ಕಪ್ ಬೆಲ್ಲನೇ.’

ಮಂಡ್ಯ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಕೊಳೆ ತೆಗೆಯಲು ಹಿಂದೆ ಸುಣ್ಣ, ಬೆಂಡೆಗಿಡದ ಲೋಳೆ ಬಳಸುತ್ತಿದ್ದರು. ಈಗಲೂ ಹಾಗೆ ಮಾಡುವವರಿದ್ದಾರೆ. ಆ ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ. ಹಳದಿ ಬಣ್ಣ ಬೇಕಾದವರು ಹೈಡ್ರೋಸ್ ಹಾಕುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕ. ಅಪಕರ್ಷಣ ಕ್ರಿಯೆಯಿಂದ ಬಣ್ಣದ ಅಣುಗಳನ್ನು ಬಿಳಿಚಿಸುತ್ತದೆ. ಕೊಳೆ ಹೋಗಿರುವುದಿಲ್ಲ, ಬಣ್ಣ ಮಾತ್ರ ಹೋಗಿರುತ್ತದೆ. ಕೆಲವು ಕಾಲದ ಮೇಲೆ ಗಾಳಿ ತಾಗಿ ಬೆಲ್ಲ ಮತ್ತೆ ಕಪ್ಪಾಗುವುದೂ ಉಂಟು. ಅದರಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಅದು ಮಿತಿ ಮೀರಿದರೆ, ಮುಖ್ಯವಾಗಿ ಅಸ್ತಮಾ ಇರುವವರಿಗೆ, ಒಳ್ಳೆಯದಲ್ಲ.

ಈಗ ಯೋಚಿಸಿ. ಹೊಂಬಣ್ಣದ ಬೆಲ್ಲ ತರಿಸಿಕೊಂಡ ಬೆಂಗಳೂರಿನ ಗೃಹಿಣಿ ‘ಬಣ್ಣ ಬಹಳ ಚೆನ್ನಾಗಿದೆ, ಶುದ್ಧವಾಗಿದೆ’ ಎಂದು ಐದು ನಕ್ಷತ್ರ ಕೊಟ್ಟರೆ ಆಕೆ ಸುಳ್ಳು ಹೇಳಿದಳೇ? ಇಲ್ಲ. ಕಂಡದ್ದನ್ನೇ ಹೇಳಿದಳು. ಬಣ್ಣ ಆಕೆಗೆ ಕಂಡಿತು, ಗಂಧಕ ಕಾಣಲಿಲ್ಲ. ಇಂಥ ಹತ್ತು ಸಾವಿರ ಪ್ರಾಮಾಣಿಕ ಸಾಕ್ಷಿಗಳು ಸೇರಿದರೂ ಗಂಧಕ ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಪ್ರಯೋಗಶಾಲೆಯೇ ಬೇಕು. ಇನ್ನೂ ಒಂದು ಸಂಕಟವಿದೆ. ಕಣ್ಣಿಗೆ ಚೆನ್ನಾಗಿ ಕಂಡದ್ದಕ್ಕೆ ನಕ್ಷತ್ರ ಸಿಗುತ್ತ ಹೋದರೆ, ಶುದ್ಧವಾಗಿ ಬೆಲ್ಲ ಮಾಡುವವನು ಹಿಂದೆ ಬಿದ್ದು ಹೈಡ್ರೋಸ್ ಹಾಕುವವನು ಮುಂದೆ ಹೋಗುತ್ತಾನೆ.

ಮೇಲೆ ಹೇಳಿದ ಉಪ್ಪಾಗೆ ಗುಳಿಗೆಗೂ ಇದೇ ಮಾತು ಸಲ್ಲುತ್ತದೆ. 1998ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಮೇಲಿನ ಪ್ರಯೋಗವೊಂದು ಪ್ರಕಟವಾಯಿತು. 135 ಮಂದಿ ಸ್ಥೂಲಕಾಯದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಉಪ್ಪಾಗೆಯ ಗುಳಿಗೆ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ಯಾರಿಗೆ ಯಾವುದು ಎಂಬುದು ತೆಗೆದುಕೊಂಡವರಿಗೆ ಗೊತ್ತಿರಲಿಲ್ಲ. ಎರಡೂ ಗುಂಪಿಗೆ ಒಂದೇ ಬಗೆಯ ಪಥ್ಯದ ಊಟ. ಹನ್ನೆರಡು ವಾರದ ಕೊನೆಗೆ ಉಪ್ಪಾಗೆ ತಿಂದವರು ಸರಾಸರಿ 3.2 ಕೆ.ಜಿ. ಇಳಿದಿದ್ದರು. ಹುಸಿ ಗುಳಿಗೆ ತಿಂದವರು 4.1 ಕೆ.ಜಿ.! ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಅಂದರೆ ಗುಳಿಗೆಯಿಂದ ಯಾವ ಹೆಚ್ಚಿನ ಪ್ರಯೋಜನವೂ ಕಾಣಲಿಲ್ಲ. ತೂಕ ಇಳಿಸಿದ್ದು ಪಥ್ಯ.

ಆದರೆ ಉಪ್ಪಾಗೆ ತಿಂದು ಮೂರು ಕೆ.ಜಿ. ಇಳಿದವನನ್ನು ಅಭಿಪ್ರಾಯ ಬರೆಯಲು ಹೇಳಿದರೆ ಏನು ಬರೆದಾನು? ‘ನಾನು ತಿಂದೆ, ಇಳಿದೆ, ಐದು ನಕ್ಷತ್ರ.’ ಪಾಪ, ಅವನು ಹೇಳುವುದು ನಿಜವೇ. ತಿನ್ನದಿದ್ದರೆ ಏನಾಗುತ್ತಿತ್ತು ಎಂಬುದು ಅವನಿಗೆ ಗೊತ್ತಾಗುವ ಬಗೆಯೇ ಇಲ್ಲ. ಎಂಟನೆಯ ತರಗತಿಯ ಪ್ರಯೋಗದಲ್ಲೂ ನಾವು ಒಂದು ಗಿಡಕ್ಕೆ ಗೊಬ್ಬರ ಹಾಕಿ ಇನ್ನೊಂದನ್ನು ಹಾಗೆಯೇ ಬಿಡುತ್ತೇವೆ. ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಇದಕ್ಕೇ.

ಹೆಲ್ಮೆಟ್ಟಿನ ಲೆಕ್ಕ

ಇನ್ನು ಹೆಲ್ಮೆಟ್ಟಿಗೆ ಬರೋಣ. ಆ 499 ರೂಪಾಯಿಯದಕ್ಕೆ ಬಂದ ಅಭಿಪ್ರಾಯಗಳನ್ನು ಮೂವರೂ ಸೇರಿ ಓದಿದೆವು. ‘ತುಂಬ ಹಗುರ.’ ‘ಒಳಗೆ ಮೆತ್ತಗಿದೆ.’ ‘ಬಣ್ಣ ಸೊಗಸಾಗಿದೆ.’ ‘ಬೆವರುವುದಿಲ್ಲ.’ ಎಲ್ಲವೂ ನಿಜವಿರಬಹುದು. ಆದರೆ ‘ಬಿದ್ದೆ, ತಲೆ ಉಳಿಯಿತು’ ಎಂದು ಬರೆದವರು ಒಬ್ಬರೂ ಕಾಣಲಿಲ್ಲ. ಬಿದ್ದು ತಲೆ ಉಳಿಯದವರು ಬರೆಯುವುದೂ ಇಲ್ಲ.

ಹೆಲ್ಮೆಟ್ ಮಾಡುವ ಕೆಲಸವೇನು? ಒಂದು ಸಣ್ಣ ಲೆಕ್ಕ. ನಿಂತ ಮನುಷ್ಯನ ತಲೆ ಸುಮಾರು 1.6 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಿತು ಎನ್ನಿ. ವೇಗ ಸೆಕೆಂಡಿಗೆ 5.6 ಮೀಟರ್, ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ಈ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. ಬರಿತಲೆ ರಸ್ತೆಗೆ ಬಡಿದು 3 ಮಿಲಿಮೀಟರ್‌ನಲ್ಲಿ ನಿಂತಿತೆಂದುಕೊಂಡರೆ, 1.6 ಮೀಟರನ್ನು 0.003ರಿಂದ ಭಾಗಿಸಿ: ತಲೆಯ ತೂಕದ 533 ಪಟ್ಟು. ಹೆಲ್ಮೆಟ್‌ನೊಳಗಿನ ಗಟ್ಟಿ ಥರ್ಮೊಕೋಲ್ ಪದರ ಪುಡಿಯಾಗುತ್ತ ಎರಡೂವರೆ ಸೆಂಟಿಮೀಟರ್‌ನಲ್ಲಿ ನಿಲ್ಲಿಸಿದರೆ, 1.6 ಭಾಗಿಸು 0.025: 64 ಪಟ್ಟು. ಜೀವ ಹೋಗುವುದಕ್ಕೂ ಉಳಿಯುವುದಕ್ಕೂ ನಡುವೆ ಇರುವುದು ಆ ಎರಡು ಚಿಲ್ಲರೆ ಸೆಂಟಿಮೀಟರ್ ಅಂತರ.

ಆ ಪದರ ಸರಿಯಾದ ಗಡುಸಿನದಾಗಿರಬೇಕು. ತೀರಾ ಮೆತ್ತಗಿದ್ದರೆ ಒಮ್ಮೆಲೇ ಅಮುಕಿಹೋಗಿ ತಲೆ ಚಿಪ್ಪಿಗೆ ಬಡಿಯುತ್ತದೆ. ಹಾಗಾದರೆ ಒಂದು ಪ್ಲಾಸ್ಟಿಕ್ ಟೋಪಿಗೆ ಬರೀ ಸ್ಪಂಜು ಅಂಟಿಸಿದರೆ ಏನಾಗುತ್ತದೆ? ಹಾಕಿಕೊಂಡವನಿಗೆ ಬಹಳ ಹಗುರ, ಬಹಳ ಮೆತ್ತಗೆ. ಐದು ನಕ್ಷತ್ರ! ಬೆಲ್ಲದ ಕಥೆಯೇ ಇಲ್ಲಿಯೂ. ಯಾವ ಗುಣ ನಕ್ಷತ್ರ ತಂದುಕೊಡುತ್ತದೋ ಅದೇ ಗುಣ ತಲೆಯನ್ನು ಕಾಯಲಾರದೆ ಹೋಗಬಹುದು.

ಇಂಥ ಗುಣವನ್ನು ಅಳೆಯುವುದಕ್ಕೇ ಮಾನಕಗಳಿರುವುದು. ದ್ವಿಚಕ್ರ ವಾಹನದ ಹೆಲ್ಮೆಟ್ಟಿಗೆ ಐಎಸ್ 4151 ಎಂಬ ಮಾನಕವಿದೆ. ಹೆಲ್ಮೆಟ್‌ನೊಳಗೆ ತಲೆಯ ಆಕಾರದ ಅಚ್ಚನ್ನಿಟ್ಟು ಬೀಳಿಸಿ, ಒಳಗೆ ಎಷ್ಟು ಆಘಾತ ತಲುಪಿತು ಎಂದು ಅಳೆಯುತ್ತಾರೆ. ಗಲ್ಲದ ಪಟ್ಟಿಯನ್ನು ಎಳೆದು ನೋಡುತ್ತಾರೆ. 2021ರ ಜೂನ್ 1ರಿಂದ ಐಎಸ್‌ಐ ಮುದ್ರೆಯಿಲ್ಲದ ಇಂಥ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನಿಗೆ ವಿರುದ್ಧ. ಮುದ್ರೆಯನ್ನೇ ನಕಲು ಮಾಡುವವರೂ ಇದ್ದಾರೆ. ಆದ್ದರಿಂದ ಮುದ್ರೆಯ ಕೆಳಗೆ ಸಿಎಂ/ಎಲ್ ಎಂಬ ಇಂಗ್ಲಿಷ್ ಅಕ್ಷರಗಳ ಮುಂದಿರುವ ಲೈಸೆನ್ಸ್ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಹಾಕಿ ನೋಡಬೇಕು. ಯಾವ ಕಂಪೆನಿಗೆ, ಯಾವ ವಸ್ತುವಿಗೆ ಕೊಟ್ಟ ಲೈಸೆನ್ಸ್, ಈಗ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ.

ದೊಡ್ಡ ಮಳಿಗೆ ಎಂಬ ಕಾರಣಕ್ಕೆ ಈ ಪರೀಕ್ಷೆ ಬಿಡಬೇಡಿ. ಪ್ರೆಷರ್ ಕುಕ್ಕರಿಗೂ ಐಎಸ್‌ಐ ಕಡ್ಡಾಯ. ಆದರೆ ಕಡ್ಡಾಯ ಮಾನಕಕ್ಕೆ ಒಳಪಡದ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟಿದ್ದಕ್ಕಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗೆ ತಲಾ ಒಂದು ಲಕ್ಷ ರೂ. ದಂಡ ವಿಧಿಸಿತು. ಮೊದಲನೆಯದರ ಮೂಲಕ 2,265, ಎರಡನೆಯದರ ಮೂಲಕ 598 ಕುಕ್ಕರ್‌ಗಳು ಮಾರಾಟವಾಗಿದ್ದವು. ಕೊಂಡವರಿಗೆ ತಿಳಿಸಿ, ಕುಕ್ಕರ್ ವಾಪಸ್ ಪಡೆದು ಹಣ ಹಿಂದಿರುಗಿಸಬೇಕೆಂದು ಆದೇಶವಾಯಿತು. ಅನ್ನ ಚೆನ್ನಾಗಿ ಬೆಂದಿದೆ ಎಂದು ಕೊಂಡವರು ಹೇಳಬಲ್ಲರು. ಸುರಕ್ಷಾ ಕವಾಟ ಯಾವ ಒತ್ತಡಕ್ಕೆ ಕೆಲಸ ಮಾಡುತ್ತದೆ ಎಂದು ಅಡುಗೆಮನೆಯಲ್ಲಿ ಯಾರು ಅಳೆದಾರು?

ಹಾಗಾದರೆ ಈ ರಿವ್ಯೂಗಳೆಲ್ಲ ಕೆಲಸಕ್ಕೆ ಬಾರದವೇ? ಖಂಡಿತ ಅಲ್ಲ. ಚಪ್ಪಲಿಯ ಅಳತೆ ಒಂದು ನಂಬರ್ ಚಿಕ್ಕದು, ಸೀರೆಯ ಬಣ್ಣ ಚಿತ್ರದಲ್ಲಿರುವಂತಿಲ್ಲ, ಪುಸ್ತಕದ ಅಕ್ಷರ ತೀರಾ ಸಣ್ಣದು, ಬೀರುವಿನ ಮೊಳೆ ಎರಡು ಕಡಿಮೆ ಬಂತು, ಕೆಟ್ಟರೆ ರಿಪೇರಿಗೆ ಯಾರೂ ಬರುವುದಿಲ್ಲ - ಇಂಥ ಮಾತುಗಳನ್ನು ನಂಬಿ. ಇವು ಕೊಂಡವರಿಗೆ ಕಾಣುವ ಸಂಗತಿಗಳು. ಎರಡು, ಮೂರು ನಕ್ಷತ್ರ ಕೊಟ್ಟವರು ಬರೆದದ್ದನ್ನು ಮೊದಲು ಓದಿ. ಹೊಗಳಲೂ ತೆಗಳಲೂ ಆತುರವಿಲ್ಲದವರು ಸಾಮಾನ್ಯವಾಗಿ ಅಲ್ಲಿರುತ್ತಾರೆ. ಆದರೆ ವಿದ್ಯುತ್ತು, ಬೆಂಕಿ, ಒತ್ತಡ, ತಲೆಯ ರಕ್ಷಣೆ, ಹೊಟ್ಟೆಗೆ ಹೋಗುವ ವಸ್ತು ಇವುಗಳ ವಿಷಯದಲ್ಲಿ ನಕ್ಷತ್ರವನ್ನು ಬದಿಗಿಟ್ಟು ಮುದ್ರೆಯನ್ನು, ಲೈಸೆನ್ಸ್ ಸಂಖ್ಯೆಯನ್ನು ನೋಡಿ. ಮೋಸವಾಗಿದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಗೌಡರು ಎದ್ದು ನಿಂತರು. ‘ಅಂಗಾದ್ರೆ ಜನ ಸುಳ್ಳು ಯೋಳಿಲ್ಲ, ಆದ್ರೆ ನಾವು ಕೇಳ್ಬಾರದ್ದ ಅವ್ರನ್ನ ಕೇಳ್ದೋ ಅನ್ನಿ’ ಎಂದರು. ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ಮಂಗಳವಾರ ಹುಡುಗ ಫೋನ್ ಮಾಡಿದ್ದ. ಮಂಡ್ಯದ ಅಂಗಡಿಯಲ್ಲಿ ಹೆಲ್ಮೆಟ್ ಹಾಕಿ ನೋಡಿ, ನಂಬರನ್ನು ಆ್ಯಪ್‌ನಲ್ಲಿ ಪರೀಕ್ಷಿಸಿ, 1,400 ರೂಪಾಯಿ ಕೊಟ್ಟು ತಂದನಂತೆ. ‘ಸ್ವಲ್ಪ ಭಾರ ಸರ್’ ಎಂದ. ‘ಇರಲಿ ಬಿಡಪ್ಪ’ ಎಂದೆ. ಆಮೇಲೆ ತಡೆದು ಹೇಳಿದ: ‘ಚಾರ್ಜರ್ ರಿವ್ಯೂ ಬದಲಾಯಿಸಿದೆ ಸರ್. ಒಂದು ನಕ್ಷತ್ರ ಕೊಟ್ಟು, ಎಷ್ಟು ದಿನಕ್ಕೆ ಹೋಯ್ತು ಅಂತ ಬರೆದೆ. ನೂರು ರೂಪಾಯಿ ಕೊಟ್ಟಿದ್ದನ್ನೂ ಬರೆದೆ.’

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ನಿಮ್ಮ ಮನೆಯಲ್ಲಿರುವ ಹತ್ತು ವಸ್ತುಗಳನ್ನು ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಎರಡು ಕಾಲಂ ಬರೆಯಿರಿ. ಬಳಸಿದವರಿಗೆ ಕಾಣುವ ಗುಣ ಒಂದರಲ್ಲಿ, ಅಳೆದರೆ ಮಾತ್ರ ತಿಳಿಯುವ ಗುಣ ಇನ್ನೊಂದರಲ್ಲಿ. ಎರಡನೆಯ ಕಾಲಂ ತುಂಬಿದ ವಸ್ತುಗಳ ಮೇಲೆ ಐಎಸ್‌ಐ ಮುದ್ರೆ ಇದೆಯೇ ಹುಡುಕಿ. ಇಲ್ಲದಿದ್ದರೆ ಪಟ್ಟಿಯನ್ನು ಅಪ್ಪ ಅಮ್ಮನಿಗೆ ತೋರಿಸಿ.